ಊರಿನ ಬ್ಯಾಂಕಿನ ಶೇರು ತೆಗೆದರೆ ಸಾಕಲ್ವಾ?

ಮಂಗಳೂರು, ಉಡುಪಿ ಕಡೆ ಶೇರಿಗೆ ಹೊಸದಾಗಿ ಇಳಿಯುವವರು ಖಾಯಂ ಕೇಳುವ ಪ್ರಶ್ನೆ ಇದು: "ಬೇರೆ ಕಂಪನಿ ಎಲ್ಲ ನಮಗೆ ಗೊತ್ತಾಗುವುದಿಲ್ಲ. ನಮ್ಮ ಊರಿನ ಬ್ಯಾಂಕಿನದ್ದೇ ಸ್ವಲ್ಪ ತೆಗೆದಿಟ್ಟರೆ ಸಾಕಲ್ವಾ ಮಾರಾಯ್ರೆ?"

ಸಾಲದು. ತೆಗೆಯಲೇಬಾರದು ಅಂತಲ್ಲ, ಅದೊಂದನ್ನೇ ನಂಬಿ ಕೂರಬಾರದು.

ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಐದೂ 1906ರಿಂದ 1931ರೊಳಗೆ ಈ ಎರಡು ಊರುಗಳಲ್ಲೇ ಹುಟ್ಟಿದ ಬ್ಯಾಂಕುಗಳು. ಪಿಗ್ಮಿ ಕಟ್ಟಿಯೇ ಉಳಿತಾಯ ಕಲಿತ ಮನೆಗಳಿಗೆ ಅವುಗಳ ಮೇಲೆ ನಂಬಿಕೆ ಇರುವುದು ಸಹಜ. ಆದರೆ ಆ ನಂಬಿಕೆ ಠೇವಣಿಯದ್ದು. ಠೇವಣಿ ಇಟ್ಟವರಿಗೆ ಬ್ಯಾಂಕು ಹಣ ಹಿಂದಿರುಗಿಸಲೇಬೇಕು, 5 ಲಕ್ಷ ರೂಪಾಯಿವರೆಗೆ ವಿಮೆಯೂ ಇದೆ. ಶೇರು ತೆಗೆದವರು ಪಾಲುದಾರರು. ಬ್ಯಾಂಕು ಕೊಟ್ಟ ಸಾಲ ಮುಳುಗಿದರೆ ಮೊದಲು ಕರಗುವುದು ಅವರ ಹಣ.

ಈ ಐದರಲ್ಲಿ ಮೂರು ಹೆಸರು ಈಗ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ವಿಲೀನವಾದಾಗ ಅದರ 1000 ಶೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಸಿಕ್ಕಿತು. ಮರುವರ್ಷ ಅದೇ ದಿನ ಸಿಂಡಿಕೇಟಿನ 1000ಕ್ಕೆ ಕೆನರಾದ 158, ಕಾರ್ಪೊರೇಷನ್ನಿನ 1000ಕ್ಕೆ ಯೂನಿಯನ್ ಬ್ಯಾಂಕಿನ 330. ಎರಡು ಶೇರಿನ ದರ ಬೇರೆ ಬೇರೆ ಇರುವುದರಿಂದ ಸಂಖ್ಯೆ ಇಳಿದದ್ದೇ ನಷ್ಟ ಎನ್ನಲಾಗದು. ಆದರೂ ಠೇವಣಿದಾರರ ಒಂದು ರೂಪಾಯಿ ಆಚೀಚೆ ಆಗಲಿಲ್ಲ, ಶೇರುದಾರರ ಕೈಗೆ ಮಾತ್ರ ತಾವು ಆರಿಸದ ಬ್ಯಾಂಕಿನ ಶೇರು ಬಂತು. ಇದಕ್ಕೆ ವಿರುದ್ಧವಾಗಿ ಕೈಯಲ್ಲಿರುವ ಶೇರಿನ ಸಂಖ್ಯೆ ಏರುವುದೂ ಉಂಟು. 2024ರ ಮೇ ತಿಂಗಳಲ್ಲಿ ಕೆನರಾ 10 ರೂಪಾಯಿ ಮುಖಬೆಲೆಯ ಒಂದು ಶೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. ದರ ಐದನೇ ಒಂದಾದದ್ದನ್ನು ನೋಡಿ 'ಅಗ್ಗಕ್ಕೆ ಸಿಗ್ತಾ ಉಂಟು' ಎಂದುಕೊಂಡರೆ ತಪ್ಪು.

ಹಾಗಾದರೆ ಹೇಗೆ ಶುರುಮಾಡುವುದು? ಮೊದಲು ಆರು ತಿಂಗಳ ಮನೆಖರ್ಚು ಎಫ್‌ಡಿಯಲ್ಲಿರಲಿ. ಇನ್ನು ಐದು ವರ್ಷ ಬೇಕಾಗದ ಹಣ ಮಾತ್ರ ಶೇರಿಗೆ. ತಿಂಗಳಿಗೆ 5,000 ಉಳಿಯುವುದಾದರೆ 4,000 ನಿಫ್ಟಿ 50 ಇಂಡೆಕ್ಸ್ ಫಂಡಿನ (ದೇಶದ 50 ದೊಡ್ಡ ಕಂಪನಿಗಳ ಶೇರಿಗೆ ಹಣ ಹಾಕುವ ಫಂಡು) ಎಸ್‌ಐಪಿಗೆ, ಅಂದರೆ ತಿಂಗಳ ಕಂತಿಗೆ ಹೋಗಲಿ. ಉಳಿದ 1,000ದಲ್ಲಿ ಬೇಕಾದರೆ ಊರಿನ ಬ್ಯಾಂಕು. ಅದನ್ನು ತೆಗೆಯುವ ಮೊದಲು ನಾಲ್ಕು ತ್ರೈಮಾಸಿಕದ ಫಲಿತಾಂಶ ತೆರೆದು ನಿವ್ವಳ ಎನ್‌ಪಿಎ (ಮರಳಿ ಬಾರದ ಸಾಲ, ಅದಕ್ಕೆಂದು ತೆಗೆದಿಟ್ಟ ಹಣ ಕಳೆದು) ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಬರೇ ಡಿವಿಡೆಂಡ್ (ಲಾಭದಲ್ಲಿ ಶೇರುದಾರರಿಗೆ ಹಂಚುವ ಪಾಲು) ನೋಡಿ ತೆಗೆಯಬೇಡಿ.

ಆರ್ಡರ್ ಹಾಕುವಾಗ ಆ್ಯಪ್‌ನಲ್ಲಿ 'ಡೆಲಿವರಿ' ಆರಿಸಿ. ಕೈತಪ್ಪಿ 'ಇಂಟ್ರಾಡೇ' ಒತ್ತಿದರೆ, ಮೂರೂವರೆಗೆ ಮಾರುಕಟ್ಟೆ ಮುಚ್ಚುವ ಮೊದಲೇ ಬ್ರೋಕರು ಅದನ್ನು ಮಾರಿಬಿಡುತ್ತಾರೆ, ನಷ್ಟವಿದ್ದರೂ ಸರಿ. 'ಮಾರ್ಕೆಟ್' (ಆ ಹೊತ್ತಿಗೆ ಸಿಕ್ಕಿದ ದರ) ಬದಲು 'ಲಿಮಿಟ್' ಹಾಕಿ ನಿಮ್ಮ ದರ ನೀವೇ ಬರೆಯಿರಿ, ವಹಿವಾಟು ಕಡಿಮೆ ಇರುವ ಸಣ್ಣ ಶೇರಿನಲ್ಲಂತೂ ಕಡ್ಡಾಯ. ಶೇರು ಮುಂದಿನ ವಹಿವಾಟಿನ ದಿನ ಡಿಮ್ಯಾಟಿಗೆ (ಶೇರು ಇಡುವ ಖಾತೆ) ಬರುತ್ತದೆ.

ಖರ್ಚು ತೋರುವುದು ಮಾರುವಾಗ. 2,000 ರೂಪಾಯಿಯ ಶೇರು ತೆಗೆಯುವಾಗ 2, ಮಾರುವಾಗ 2 ರೂಪಾಯಿ ಎಸ್‌ಟಿಟಿ (ಶೇರು ವಹಿವಾಟಿನ ತೆರಿಗೆ). ಅದು ದೊಡ್ಡದಲ್ಲ. ಡಿಮ್ಯಾಟಿನಿಂದ ಶೇರು ಹೊರಹೋಗುವಾಗ ಹಾಕುವ ಡಿಪಿ ಶುಲ್ಕ ಮಾತ್ರ ಒಂದೇ ಶೇರು ಮಾರಿದರೂ ನೂರು ಮಾರಿದರೂ ಒಂದು ಕಂಪನಿಗೆ ದಿನಕ್ಕೆ ಇಂತಿಷ್ಟು ಅಂತ ಬೀಳುತ್ತದೆ. ಅದು 15 ರೂಪಾಯಿ ಇದ್ದರೆ, 500 ರೂಪಾಯಿಯ ಮಾರಾಟದಲ್ಲಿ ನೂರಕ್ಕೆ ಮೂರು ಹೋಯಿತು. ಮೇಲೆ ತೆರಿಗೆ: ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20, ವರ್ಷ ಕಳೆದ ಮೇಲಾದರೆ 1.25 ಲಕ್ಷ ಮೀರಿದ ಲಾಭಕ್ಕೆ ಮಾತ್ರ ಶೇ. 12.5. ಹತ್ತು ಹತ್ತು ಶೇರು ತೆಗೆದು ವಾರಕ್ಕೊಮ್ಮೆ ಮಾರುವವರ ಕೈಯಲ್ಲಿ ಏನೂ ಉಳಿಯದ್ದು ಇದಕ್ಕೇ. ಎಫ್ ಆ್ಯಂಡ್ ಓ (ಮುಂದಿನ ದರದ ಮೇಲೆ ಆಡುವ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ಕಡೆ ಹೋಗಲೇಬೇಡಿ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2024ರ ಅಧ್ಯಯನದ ಪ್ರಕಾರ, ಮೂರು ವರ್ಷದಲ್ಲಿ ಅಲ್ಲಿ ಆಡಿದ ನೂರರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ.

ಹಿರಿಯರ ಹೆಸರಿನ ಕಾಗದದ ಶೇರುಪತ್ರ ಕಪಾಟಿನಲ್ಲಿದ್ದರೆ ರದ್ದಿ ಎಂದು ಬಿಸಾಡಬೇಡಿ. ಸಿಂಡಿಕೇಟಿನದ್ದಾದರೆ ಕೆನರಾ ಬ್ಯಾಂಕಿನ, ವಿಜಯಾದ್ದಾದರೆ ಬರೋಡಾದ ಶೇರು ರಿಜಿಸ್ಟ್ರಾರಿಗೆ (ಶೇರುದಾರರ ದಾಖಲೆ ಇಡುವ ಸಂಸ್ಥೆ) ಶೇರುಪತ್ರದಲ್ಲಿರುವ ಫೋಲಿಯೋ ನಂಬರ್ ಬರೆದು ಕೇಳಿ. ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಪ್ಯಾನ್ ಬೇಕು, ವಾರಸುದಾರರ ಹೆಸರಲ್ಲಿ ಡಿಮ್ಯಾಟ್ ಖಾತೆಯೂ ಬೇಕು.