ತೀರಿತು

ಶುಭ ಶುಕ್ರವಾರ ಮಧ್ಯಾಹ್ನ ನಮ್ಮ ಮಂಗಳೂರಿನ ದೇವಾಲಯದಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಆ ಸೆಕೆಯಲ್ಲಿ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಧ್ಯಾನ. ಐದನೆಯ ಮಾತು ನೀರಡಿಕೆಯದು. ಅಷ್ಟರಲ್ಲಿ ಮಕ್ಕಳ ಕಣ್ಣು ನೀರಿನ ಬಾಟಲಿಯ ಮೇಲಿರುತ್ತದೆ. ಸುಳ್ಳು ಯಾಕೆ ಹೇಳಲಿ, ನನ್ನದೂ. ಆಮೇಲೆ ಆರನೆಯದು, ಯೋಹಾನ 19:30: ‘ತೀರಿತು.’

ಒಂದೇ ಪದ. ಮೂಲ ಗ್ರೀಕಿನಲ್ಲೂ ಒಂದೇ. ಆದರೆ ಕನ್ನಡದಲ್ಲಿ ಅದಕ್ಕೆ ಎಷ್ಟು ನೆಂಟರು! ಸಾಲ ತೀರುತ್ತದೆ, ಹರಕೆ ತೀರುತ್ತದೆ, ಹಿರಿಯರು ತೀರಿಕೊಳ್ಳುತ್ತಾರೆ. ನ್ಯಾಯಾಧೀಶರು ಕೊಡುವ ತೀರ್ಪೂ ಅದೇ ಮನೆಯದು. ಒಬ್ಬನು ತೀರಿಕೊಂಡ, ಸಾಲ ತೀರಿತು, ತೀರ್ಪು ಆಯಿತು. ಸಭಾಪಾಲಕರು ಇಪ್ಪತ್ತು ನಿಮಿಷ ವಿವರಿಸುವುದನ್ನು ಭಾಷೆ ಮೊದಲೇ ಹೇಳಿಟ್ಟಿದೆ ಅನ್ನಿಸುತ್ತದೆ.

ಅಪೊಸ್ತಲ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿ ಇದೇ ಸಂಗತಿಯನ್ನು ಕಟಕಟೆಗೆ ತರುತ್ತಾನೆ. ನಂಬುವವರನ್ನು ದೇವರು ನೀತಿವಂತರೆಂದು ನಿರ್ಣಯಿಸುತ್ತಾನೆ. ಪತ್ರಿಕೆಯಲ್ಲಿ ಓದುತ್ತೇವಲ್ಲ, ‘ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆ’ ಎಂದು, ಇದು ಅಂಥದ್ದಲ್ಲ. ಸಾಕ್ಷ್ಯ ಬೇಕಾದಷ್ಟಿದೆ, ಮನಸ್ಸಾಕ್ಷಿಯೇ ಮೊದಲ ಸಾಕ್ಷಿ. ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಯಾವ ಮುಚ್ಚುಮರೆಯೂ ಇಲ್ಲದೆ ಬರೆಯುತ್ತಾನೆ: ದೇವರು ನಿರ್ದೋಷಿ ಎನ್ನುವುದು ಭಕ್ತಿಹೀನನನ್ನೇ. ಕ್ರಿಸ್ತನ ನೀತಿ ಇವನ ಲೆಕ್ಕಕ್ಕೆ ಬೀಳುತ್ತದೆ, ಇವನ ಅಪರಾಧ ಆತನ ತಲೆಗೆ. ನನಗೆ ಈ ವ್ಯವಹಾರ ಇವತ್ತಿಗೂ ಸ್ವಲ್ಪ ಅನ್ಯಾಯದಂತೆಯೇ ಕಾಣುತ್ತದೆ. ಅನ್ಯಾಯವಾದದ್ದು ಯಾರಿಗೆ ಎಂದು ಕೇಳಿಕೊಂಡಾಗ ಬಾಯಿ ಕಟ್ಟುತ್ತದೆ.

1834ರಲ್ಲಿ ಈ ಊರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಜೊತೆ ಬಂದ ಬೋಧನೆ ಇದು. ಅವರ ಬೋಧನೆಯ ಹಿಂದೆ ಜರ್ಮನಿಯ ಧರ್ಮಸುಧಾರಕ ಲೂಥರ್ ಇದ್ದ. 1505ರಲ್ಲಿ ಎರ್ಫರ್ಟಿನ ಮಠ ಸೇರಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆಗಳಲ್ಲಿ ಮೈ ಸವೆಸಿದವನು. ಪಾಪನಿವೇದನೆಗೆ ಕೂತರೆ ಗಂಟೆಗಟ್ಟಲೆ. ಎದ್ದು ಬಂದ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ರೋಮಾಪುರದ ಪತ್ರ 1:17ರಲ್ಲಿರುವ ‘ದೇವರ ನೀತಿ’ ಎಂಬ ಮಾತೇ ಅವನಿಗೆ ಭಯ. ದಂಡಿಸುವ ನೀತಿ ಎಂದೇ ಅದನ್ನು ಓದಿಕೊಂಡಿದ್ದ. ಅದು ದೇವರು ನಂಬಿದವನಿಗೆ ಕೊಡುವ ನೀತಿ ಎಂದು ಹೊಳೆದಾಗ ಪರದೈಸಿನ ಬಾಗಿಲು ತೆರೆದಂತಾಯಿತೆಂದು 1545ರಲ್ಲಿ, ಸಾಯುವ ಹಿಂದಿನ ವರ್ಷ, ಬರೆದ. ಅಲ್ಲಿಗೂ ಅವನ ದುಗುಡವೆಲ್ಲ ಹೋಗಲಿಲ್ಲ. ಕೊನೆಯವರೆಗೂ ಆಗಾಗ ಮುಸುಕುತ್ತಿತ್ತು. ಇದನ್ನು ಓದಿದಾಗಲೇ ನನಗೆ ಅವನು ಹತ್ತಿರದವನಾದದ್ದು.

ಯಾಕೆಂದರೆ ತೀರ್ಪು ಬಂದರೂ ಎದೆಬಡಿತ ತಕ್ಷಣ ಇಳಿಯುವುದಿಲ್ಲ. ಪಪ್ಪನನ್ನು ಕಂಡಿದ್ದೇನೆ. ಮನೆ ಕಟ್ಟಲು ಮಾಡಿದ ಸಾಲ ಅವರನ್ನು ಹಲವು ವರ್ಷ ಹಿಂಡಿತ್ತು. ಕೊನೆಗೆ ಅದನ್ನು ಪೂರ್ತಿ ಕಟ್ಟಿದವರು ಪಪ್ಪನಲ್ಲ, ನಮ್ಮ ದೊಡ್ಡಪ್ಪ. ಬ್ಯಾಂಕಿನವರು ಬಾಕಿ ಇಲ್ಲವೆಂದು ಚೀಟಿ ಕೊಟ್ಟರು. ಪಪ್ಪ ಅದನ್ನು ಬೈಬಲಿನಲ್ಲಿ ಇಟ್ಟುಕೊಂಡರು, ಅರಣ್ಯಕಾಂಡದ ಜನಗಣತಿಯ ಪುಟಗಳ ನಡುವೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ. ಆದರೂ ಗೇಟಿನಲ್ಲಿ ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಅವರ ಮುಖ ಬಿಳುಚುತ್ತಿತ್ತು. ಸಾಲ ಇದ್ದಾಗಿನ ಬೆಲ್ಲು, ಸಾಲ ಇಲ್ಲದಾಗಿನ ಬೆಲ್ಲು, ಕಿವಿಗೆ ಎರಡೂ ಒಂದೇ.

ಇನ್ನು, ಸಾಲ ಹೇಗೂ ತೀರಿತಲ್ಲ, ಮತ್ತೆ ಮಾಡಿದರಾಯಿತು ಎನ್ನುವವರಿಗೆ ಪೌಲನು ಅದೇ ಪತ್ರದ ಆರನೆಯ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾನೆ: ಪಾಪದ ಪಾಲಿಗೆ ಸತ್ತವರು ಇನ್ನು ಅದರಲ್ಲೇ ಬದುಕುವುದು ಹೇಗೆ? ದೊಡ್ಡಪ್ಪನ ಮುಖ ನೋಡಿದ್ದ ಪಪ್ಪನಿಗೆ ಆ ಯೋಚನೆಯೇ ಬರಲಿಲ್ಲ.

ಈ ಸಲ ಆರನೆಯ ಮಾತಿನ ಹೊತ್ತಿಗೆ ನನ್ನೊಳಗೂ ಹಳೆಯ ಬೆಲ್ಲು ಹೊಡೆಯುತ್ತಿತ್ತು. ಯಾರ ಬಗ್ಗೆಯೋ ಆಡಿದ ಮಾತು, ಯಾರಿಗೋ ಮಾಡದೆ ಬಿಟ್ಟ ಸಹಾಯ. ನಿನಗೆ ನಂಬಿಕೆಯೇ ಸಾಲದು ಎಂಬ ದೂರು ಬೇರೆ. ಪೌಲನ ಅದೇ ಪತ್ರದ ಎಂಟನೆಯ ಅಧ್ಯಾಯ ತೆಗೆದೆ: ನೀತಿವಂತರೆಂದು ನಿರ್ಣಯಿಸುವವನು ದೇವರು, ಇನ್ನು ಅಪರಾಧಿಗಳೆಂದು ಹೇಳುವವರು ಯಾರು? ನನ್ನ ನಂಬಿಕೆ ಎಷ್ಟು ತೂಗುತ್ತದೆ ಎಂಬ ವಿಚಾರಣೆ ಅಲ್ಲಿಲ್ಲ. ಚೀಟಿಯಲ್ಲಿ ಪಪ್ಪನ ರುಜು ಇರಲಿಲ್ಲ, ಬ್ಯಾಂಕಿನದಿತ್ತು.

ಒಂದು ದಿನ ಹಾಗೆಯೇ ಬೆಲ್ಲು ಆಯಿತು. ಪಪ್ಪ ಎದ್ದರು, ಗೇಟಿಗೆ ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ಅರಣ್ಯಕಾಂಡ ಬಿಡಿಸಿದರು, ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಮಡಚಿ ಇಟ್ಟರು. ಆಮೇಲೆ ಅಂಗಳಕ್ಕಿಳಿದು ಕಾಗದ ತೆಗೆದುಕೊಂಡರು. ಮದುವೆಯ ಕರೆಯೋಲೆ.