ಗೇಮ್ ಮಾಡಲು ಲ್ಯಾಪ್‌ಟಾಪ್: ನಾನು ನೋಡಿದ್ದು, ಬಿಟ್ಟಿದ್ದು

ಅಂಗಡಿಯವರು ಮೊದಲು ಕೇಳುವುದು "ಯಾವ ಗೇಮ್ ಆಡ್ತೀರಿ ಸಾರ್?" ಅಂತ. ಆಡೋದಕ್ಕಲ್ಲ, ಮಾಡೋದಕ್ಕೆ ಅಂದರೂ ಅದೇ ಬಣ್ಣದ ದೀಪದ ಕೀಬೋರ್ಡನ್ನೇ ಮುಂದಿಡುತ್ತಾರೆ. ಮಷಿನ್ ಹೆಚ್ಚುಕಡಿಮೆ ಅದೇ ನಿಜ. ಆದರೆ ನಾವು ಪರೀಕ್ಷಿಸಬೇಕಾದದ್ದು ಬೇರೆ.

ನಾನು ಕೆಲಸ ಮುಗಿಸಿ ರಾತ್ರಿ ಹೊತ್ತು ಮಾಡುತ್ತಿರುವುದು ಕಂಬಳದ ಗೇಮ್. ಯೂನಿಟಿ ಎಂಬ ಗೇಮ್ ಮಾಡುವ ಸಾಫ್ಟ್‌ವೇರಿನಲ್ಲಿ, ಆಂಡ್ರಾಯ್ಡ್ ಫೋನಿಗೆ. ಎರಡು ಕೋಣ, ಒಬ್ಬ ಓಡಿಸುವವನು, ಗದ್ದೆ ತುಂಬ ಕೆಸರು. ಕೋಣಗಳನ್ನು ಬ್ಲೆಂಡರ್ ಎಂಬ 3ಡಿ ಆಕೃತಿ ಮಾಡುವ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ. ಹಾಗಾಗಿ ಯೂನಿಟಿ, ಬ್ಲೆಂಡರ್, ಕೋಡ್ ಎಡಿಟರ್, ಬ್ರೌಸರ್ ಎಲ್ಲವೂ ಒಟ್ಟಿಗೆ ತೆರೆದಿರುತ್ತವೆ. ಆಡುವವರಿಗೆ ಗೇಮ್ ಒಂದು ಓಡಿದರೆ ಸಾಕು, ನಮಗೆ ಇಷ್ಟೂ ಓಡಬೇಕು. ಅದಕ್ಕೇ ನನ್ನ ಮೊದಲ ಷರತ್ತು 32 ಜಿಬಿ ರ್ಯಾಮ್. ದುಡ್ಡು ಸಾಲದಿದ್ದರೆ 16 ತಗೊಳ್ಳಿ, ಆದರೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಅಂತ ಕೇಳಿ. ತೆಳ್ಳಗಿನ ಮಾಡೆಲ್‌ಗಳಲ್ಲಿ ಎಷ್ಟೋ ಸಲ ರ್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಏರಿಸಲು ಆಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೆಸರು ನೋಡಿ ಮರುಳಾಗಬೇಡಿ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಕಾರ್ಡ್ ಆರ್‌ಟಿಎಕ್ಸ್ 4060 ಅನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಲ್ಯಾಪ್‌ಟಾಪ್ ಕಂಪನಿಗಳು ತಮಗೆ ಬೇಕಾದ ಹಾಗೆ ಇಡಬಹುದು. ಸ್ಟಿಕ್ಕರ್ ಒಂದೇ, ಒಳಗಿನ ಕಸುವು ಬೇರೆ. ಈ ವ್ಯಾಟ್ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಬೇಕು. ಇನ್ನೊಂದು ವಿಷಯ: ಲ್ಯಾಪ್‌ಟಾಪಿನ 4050ಕ್ಕೆ 6 ಜಿಬಿ ವಿಡಿಯೋ ಮೆಮೊರಿ, 4060ಕ್ಕೆ 8, ಅದಕ್ಕಿಂತ ದುಬಾರಿಯ 4070ಕ್ಕೂ ಅದೇ 8. ಯೂನಿಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸಿ ಬೆಳಕು ಬೇಕ್ ಮಾಡುವಾಗ, ಅಂದರೆ ದೃಶ್ಯದ ಬೆಳಕು-ನೆರಳನ್ನು ಮೊದಲೇ ಲೆಕ್ಕ ಹಾಕಿಡುವಾಗ, ಈ ಮೆಮೊರಿ ಸಾಲದಿದ್ದರೆ ಕೆಲಸ ಪ್ರೊಸೆಸರಿಗೆ ಹೋಗಬಹುದು. ಆಗ ಕಾಯ್ತಾ ಕೂರಬೇಕು. 4070ಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ನಾನಾದರೆ ರ್ಯಾಮಿಗೆ ಹಾಕುತ್ತೇನೆ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ಕೋಡಿನಲ್ಲಿ ಒಂದು ಸಾಲು ಬದಲಿಸಿದರೂ ಯೂನಿಟಿ ಸ್ಕ್ರಿಪ್ಟುಗಳನ್ನೆಲ್ಲ ಮತ್ತೆ ಲೋಡ್ ಮಾಡುತ್ತದೆ. ಅದು ಬಹುಪಾಲು ಒಂದೇ ಕೋರಿನ, ಅಂದರೆ ಪ್ರೊಸೆಸರಿನೊಳಗಿನ ಒಂದೇ ಲೆಕ್ಕದ ಘಟಕದ ಕೆಲಸ. ಹಾಗಾಗಿ ಕೋರ್ ಎಷ್ಟಿವೆ ಅನ್ನೋದಕ್ಕಿಂತ ಒಂದು ಕೋರ್ ಎಷ್ಟು ಚುರುಕು ಅನ್ನೋದು ಮುಖ್ಯ. ಯೂನಿಟಿಯಂಥದೇ ಇನ್ನೊಂದು ಸಾಫ್ಟ್‌ವೇರ್ ಅನ್‌ರಿಯಲ್‌ನಲ್ಲಿ ಕತೆ ಉಲ್ಟಾ: ಶೇಡರ್ (ಬಣ್ಣ, ಬೆಳಕು ಹೇಗೆ ಕಾಣಬೇಕೆಂದು ಹೇಳುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವಾಗ ಇದ್ದಬದ್ದ ಕೋರ್‌ಗಳೆಲ್ಲ ದುಡಿಯುತ್ತವೆ. ಸುಮ್ನೆ 2ಡಿ ಗೇಮ್, ಅದೂ ಗೊಡೋ ಎಂಬ ಹಗುರ ಗೇಮ್ ಸಾಫ್ಟ್‌ವೇರಿನಲ್ಲಿ ಅಂದರೆ ಇದ್ಯಾವುದರ ತಲೆನೋವೂ ಬೇಡ, ಮನೆಯಲ್ಲಿರುವ ಹಳೆ ಲ್ಯಾಪ್‌ಟಾಪಲ್ಲೇ ಶುರು ಮಾಡಿ. ಐಫೋನಿಗೂ ಬಿಡುಗಡೆ ಮಾಡಬೇಕು ಅನ್ನುವವರಿಗೆ ಮಾತ್ರ ಎಲ್ಲಾದರೂ ಒಂದು ಮ್ಯಾಕ್ ಬೇಕಾಗುತ್ತದೆ, ಐಫೋನ್ ಆ್ಯಪ್ ಕಟ್ಟಲು ಬೇಕಾದ ಆಪಲ್‌ನ ಎಕ್ಸ್‌ಕೋಡ್ ಬೇರೆ ಕಡೆ ಓಡುವುದಿಲ್ಲ.

ಸ್ಕ್ರೀನಿನ 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ ವೇಗ) ನನಗೆ ಬೇಡವಾಗಿತ್ತು. ಬಣ್ಣ ಸರಿ ಇರಬೇಕಿತ್ತು. ಎಸ್‌ಆರ್‌ಜಿಬಿ (ಪರದೆ ತೋರಿಸಬೇಕಾದ ಬಣ್ಣಗಳ ಸಾಮಾನ್ಯ ಅಳತೆ) ಶೇ. 100ರ ಹತ್ತಿರ ಇಲ್ಲದ ಪರದೆಯಲ್ಲಿ ಕೆಸರು ಬೂದಿಯ ಹಾಗೆ ಕಾಣುತ್ತದೆ.

ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ಕೊಡುತ್ತಿತ್ತಲ್ವಾ ಅಂತ ಸ್ನೇಹಿತರು ಕೇಳಿದರು. ಕೊಡುತ್ತಿತ್ತು. ಆದರೆ ನಾನಿರುವುದು ಉಡುಪಿ ಕಡೆ. ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಚಾರ್ಜರ್ ಇಲ್ಲದಿದ್ದಾಗ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಸೋಮಾರಿಯಾಗುತ್ತದೆ ನಿಜ, ಆದರೂ ಬಿಲ್ಡ್ (ಗೇಮನ್ನು ಫೋನಿನಲ್ಲಿ ಓಡುವ ಆ್ಯಪ್ ಮಾಡುವ ಕೆಲಸ) ಅರ್ಧಕ್ಕೆ ನಿಲ್ಲುವುದಿಲ್ಲ, ಕೋಡ್ ಬರೆಯುವುದಕ್ಕೂ ತೊಂದರೆ ಇಲ್ಲ.

ಉಳಿದ ದುಡ್ಡಲ್ಲಿ 4 ಜಿಬಿ ರ್ಯಾಮಿನ ಹಳೆ ಆಂಡ್ರಾಯ್ಡ್ ಫೋನ್ ಒಂದನ್ನು ಕೊಂಡೆ. ಲ್ಯಾಪ್‌ಟಾಪಿನಲ್ಲಿ ನೀರಿನಂತೆ ಓಡುವ ಕೋಣಗಳು ಅದರಲ್ಲಿ ಕೆಸರು ಹಾರಿದ ಕೂಡಲೇ ಮುಗ್ಗರಿಸುತ್ತವೆ. ಈ ವಾರವೆಲ್ಲ ಕೆಸರಿನ ಹನಿಗಳನ್ನು ಕಡಿಮೆ ಮಾಡುವುದೇ ಕೆಲಸ.