ಎಪ್ಪತ್ತಮೂರನೇ ನಂಬರಿನ ಮನೆ

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಿಗೆ ಒಂದು ಮಾತಿನ ಮೇಲೆ ವಿಪರೀತ ಸಿಟ್ಟು. ‘ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು’ ಅನ್ನುವ ಮಾತು. ಸ್ಯಾಂಪ್ಲಿಂಗ್, ಅಂದರೆ ಎಲ್ಲರನ್ನೂ ಎಣಿಸದೆ ಕೆಲವರನ್ನಷ್ಟೇ ಆರಿಸಿ ಇಡೀ ಊರಿನ ಲೆಕ್ಕ ಹೇಳುವ ಪಾಠದ ಮೊದಲ ದಿನ, ಹಿಂದಿನ ಬ್ಯಾಚಿನವರ ನೋಟ್ಸ್ ಓದಿಕೊಂಡು ಬಂದಿದ್ದ ನಮ್ಮ ಜಾಣೆಯೊಬ್ಬಳು ಎದ್ದು ನಿಂತು ಅದನ್ನೇ ಹೇಳಿದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

‘ನಿಮ್ಮನೇಲಿ ಅನ್ನ ಮಾಡೋರು ಯಾರಮ್ಮ?’

‘ನಮ್ಮಮ್ಮ, ಸಾರ್.’

‘ಅಗುಳು ತೆಗೆಯೋಕೆ ಮುಂಚೆ ಅವರು ಏನು ಮಾಡ್ತಾರೆ, ನೋಡಿದೀಯಾ?’

ಅವಳು ನೋಡಿರಲಿಲ್ಲ. ನಮ್ಮನೆಯಲ್ಲಿ ಒಲೆ ನನ್ನ ಪಾಲಿಗೇ ಇದ್ದುದರಿಂದ ನನಗೆ ಗೊತ್ತಿತ್ತು. ‘ಸೌಟು ಹಾಕಿ ತಿರುವ್ತಾರೆ ಸಾರ್’ ಅಂದೆ.

‘ಹಾಂ! ತಳದ್ದು ಮೇಲಕ್ಕೆ, ಮೇಲಿಂದು ತಳಕ್ಕೆ. ತಿರುವಿದ ಮೇಲೆ ಒಂದು ಅಗುಳು ಸಾಕು, ಒಪ್ಪಿದೆ. ಊರನ್ನ ಯಾರು ತಿರುವಿದಾರೆ? ಮೇಲಿನ ಕೇರಿ ಮೇಲೇ ಇದೆ, ಕೆಳಗಿನ ಕೇರಿ ಕೆಳಗೇ ಇದೆ.’

1985ರ ಮಾತು. ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಸೇರಿದ ಎಂ.ಇ.ಎಸ್. ಕಾಂಬಿನೇಷನ್ನಿಗೆ ನಾವು ಇದ್ದದ್ದು ಹನ್ನೊಂದು ಜನ. ಪಠ್ಯದಲ್ಲಿ ‘ಯಾದೃಚ್ಛಿಕ ಪ್ರತಿಚಯನ’ ಎಂದಿತ್ತು. ಹೇಳಲು ಹೋದರೆ ನಾಲಿಗೆ ಎರಡು ಸಲ ತೊಡರುತ್ತಿತ್ತು, ಹಾಗಾಗಿ ರ‍್ಯಾಂಡಮ್ ಸ್ಯಾಂಪ್ಲಿಂಗ್ ಎಂದೇ ಅನ್ನುತ್ತಿದ್ದೆವು. ರ‍್ಯಾಂಡಮ್ ಅಂದರೇನು ಎಂದು ಮೇಷ್ಟ್ರು ಕೇಳಿದಾಗ ‘ಯಾವುದೋ ಒಂದನ್ನ ತಗೊಳ್ಳೋದು ಸಾರ್’ ಅಂದೆವು. ಅವರು ವಾದಕ್ಕೆ ಬರಲಿಲ್ಲ. ಒಂದರಿಂದ ಹತ್ತರೊಳಗೆ ಯಾವುದೋ ಒಂದು ಸಂಖ್ಯೆ ಬರೆದುಕೊಡಿ ಎಂದು ಚೀಟಿ ಹಂಚಿದರು. ಹನ್ನೊಂದು ಚೀಟಿಯಲ್ಲಿ ಐದರಲ್ಲಿ ಏಳು ಇತ್ತು. ಒಂದು, ಹತ್ತು ಬರೆದವರು ಒಬ್ಬರೂ ಇಲ್ಲ. ‘ನಿಮ್ಮ ಯಾವುದೋ ಒಂದು ಇದು’ ಎಂದು ನಕ್ಕರು. ‘ರ‍್ಯಾಂಡಮ್ ಅಂದ್ರೆ ಯಾವುದೋ ಒಂದಲ್ಲ. ಇಂಥದ್ದೇ ಒಂದು. ಯಾವುದು ಅಂತ ಹೇಳೋದು ನೀವಲ್ಲ, ಟೇಬಲ್ಲು.’

ಆ ಟೇಬಲ್ಲು ಅಂದರೆ ಫಿಶರ್ ಮತ್ತು ಯೇಟ್ಸ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು 1938ರಲ್ಲಿ ಹೊರತಂದ ಕೋಷ್ಟಕಗಳ ಪುಸ್ತಕದ ಕೊನೆಯ ಪುಟಗಳು. ನಮ್ಮ ಲೈಬ್ರರಿಯಲ್ಲಿ ಒಂದೇ ಪ್ರತಿ, ನೀಲಿ ರಟ್ಟು, ಮೂಲೆ ಸವೆದಿತ್ತು. ಪುಟದ ತುಂಬ ಅಂಕಿ, ಹಿಂದಿಲ್ಲ ಮುಂದಿಲ್ಲ, ಅರ್ಥವೂ ಇಲ್ಲ. ಕಣ್ಣು ಮುಚ್ಚಿ ಪೆನ್ಸಿಲ್ ಊರಬೇಕು, ಅದು ಬಿದ್ದ ಜಾಗದಿಂದ ಕೆಳಕ್ಕೆ ಓದಿಕೊಂಡು ಹೋಗಬೇಕು. ಅದಕ್ಕೂ ಮುಂಚೆ, 1927ರಲ್ಲಿ, ಟಿಪ್ಪೆಟ್ ಎಂಬಾತ ಜನಗಣತಿಯ ವರದಿಗಳಿಂದ ಅಂಕಿಗಳನ್ನು ಹೆಕ್ಕಿ 41,600 ಅಂಕಿಗಳ ಪುಸ್ತಕವನ್ನೇ ಮಾಡಿದ್ದನಂತೆ. ಎಲ್ಲರನ್ನೂ ಎಣಿಸಿದ ಲೆಕ್ಕದಿಂದಲೇ, ಎಲ್ಲರನ್ನೂ ಎಣಿಸದೆ ಲೆಕ್ಕ ಹಾಕುವ ಸಾಧನ ಹುಟ್ಟಿತು ಎಂದು ಮೇಷ್ಟ್ರಿಗೆ ಬಹಳ ಖುಷಿ.

ಡಿಸೆಂಬರಿನಲ್ಲಿ, ಕಾಲೇಜಿನಿಂದ ಮೂರು ಮೈಲಿ ದೂರದ ಒಂದು ಹಳ್ಳಿಗೆ ನಮ್ಮನ್ನು ಸರ್ವೆಗೆ ಕಳಿಸಿದರು. ಒಟ್ಟು 160 ಮನೆ. ಮೊದಲು ಎಲ್ಲ ಮನೆಗೂ ನಂಬರು ಕೊಟ್ಟು ಪಟ್ಟಿ ಮಾಡಿದೆವು, ಇದಕ್ಕೇ ಎರಡು ದಿನ ಹಿಡಿಯಿತು. ಪಟ್ಟಿಯಲ್ಲಿ ಇಲ್ಲದ ಮನೆಗೆ ಯಾವ ಟೇಬಲ್ಲೂ ದಾರಿ ತೋರಿಸುವುದಿಲ್ಲವಲ್ಲ. ಪ್ರತಿ ಎಂಟನೇ ಮನೆ ಹಿಡಿದರೆ ಸುಲಭ ಎಂದು ಯಾರೋ ಸೂಚಿಸಿದರು. ಜನತಾ ಮನೆಗಳನ್ನು ಎಂಟೆಂಟರ ಸಾಲಿನಲ್ಲಿ ಕಟ್ಟಿದ್ದರೆ ನಿಮಗೆ ಬರೀ ಮೂಲೆ ಮನೆಗಳೇ ಸಿಗುತ್ತವೆ, ಹೋಗಿ ನೋಡಿಕೊಂಡು ಬನ್ನಿ ಎಂದರು ಮೇಷ್ಟ್ರು. ನೋಡಿದೆವು. ಹಾಗೇ ಇತ್ತು. ಕೊನೆಗೆ ಟೇಬಲ್ಲಿನಿಂದಲೇ 20 ಮನೆ ತೆಗೆದೆವು. ಮನೆಯಲ್ಲಿ ಎಷ್ಟು ಜನ, ಓದು ಬಲ್ಲವರೆಷ್ಟು, ನೀರು ಎಷ್ಟು ದೂರದಿಂದ ತರುತ್ತಾರೆ, ಇಷ್ಟೇ ಪ್ರಶ್ನೆ.

ಬಂದ ಉತ್ತರ ಚೆನ್ನಾಗಿತ್ತು. ಊರಿನ ಎಲ್ಲರಿಗೂ ನೀರು ಕೂಗಳತೆಯಲ್ಲೇ! ಬೋರ್ಡಿನ ಮೇಲೆ ಸರಾಸರಿ ಬರೆದು ಹೆಮ್ಮೆಯಿಂದ ನಿಂತೆವು. ಮೇಷ್ಟ್ರು ನಮ್ಮ 20 ನಂಬರುಗಳ ಮೇಲೆ ಬೆರಳಾಡಿಸಿ, ‘ಕಾಲೊನಿಯ ಮನೆ ಎಲ್ರಯ್ಯಾ?’ ಅಂದರು. ಊರಾಚೆ, ಹಳ್ಳ ದಾಟಿ, 16 ಮನೆಗಳಿದ್ದವು. ಟೇಬಲ್ಲು ಅವುಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ನಾವೇನು ಮೋಸ ಮಾಡಿರಲಿಲ್ಲ, ಹಾಗಾಗಿ ದಬಾಯಿಸಿ ಕೇಳಿದೆವು, ಇದು ನಮ್ಮ ತಪ್ಪಾ ಸಾರ್? ಅವರು ಲೆಕ್ಕ ಮಾಡಿಸಿದರು: 160ರಲ್ಲಿ 20 ಆರಿಸುವಾಗ ಆ 16ರಲ್ಲಿ ಒಂದೂ ಬಾರದಿರುವ ಸಂಭವ ಹತ್ತಕ್ಕೆ ಒಂದಕ್ಕಿಂತ ತುಸು ಜಾಸ್ತಿಯೇ. ‘ಇದು ತಪ್ಪಲ್ಲ, ಲಾಟರಿ. ಆದ್ರೆ ಕಾಲೊನಿ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ? ಗೊತ್ತಿದ್ದೂ ಯಾಕೆ ಲಾಟರಿಗೆ ಬಿಟ್ರಿ?’

ಸ್ಟ್ರ್ಯಾಟಿಫೈಡ್ ಸ್ಯಾಂಪ್ಲಿಂಗ್ ಅನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪುಸ್ತಕವನ್ನು ನಾನು ಆಮೇಲೂ ಕಂಡಿಲ್ಲ. ಊರಿನ 144 ಮನೆಯಿಂದ 18, ಕಾಲೊನಿಯ 16ರಿಂದ 2, ಹೀಗೆ ಎರಡು ಗುಂಪು ಮಾಡಿ ಹೊಸದಾಗಿ ತೆಗೆದೆವು. ಕಾಲೊನಿಯ ಆ ಎರಡು ಮನೆಯವರು ನೀರಿಗೆ ಹೋಗುತ್ತಿದ್ದದ್ದು ಹಳ್ಳದ ಒರತೆಗೆ. ಊರಬಾವಿ ಹತ್ತಿರವೇ ಇತ್ತು. ಅದರ ಬಗ್ಗೆ ನಾವು ಪ್ರಶ್ನೆ ಇಟ್ಟಿರಲಿಲ್ಲ, ಅವರೂ ಹೇಳಲಿಲ್ಲ.

ಈ ಎರಡನೇ ಸುತ್ತಿನಲ್ಲೇ ನನ್ನ ಪಾಲಿಗೆ 73ನೇ ನಂಬರು ಬಂದದ್ದು. ಹೋದರೆ ಬೀಗ. ಮಧ್ಯಾಹ್ನ ಮತ್ತೆ ಹೋದೆ, ಬೀಗ. ಪಕ್ಕದ 74ರಲ್ಲಿ ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರೊಬ್ಬರು ಜಗಲಿಯ ಮೇಲೆ ಪೇಪರ್ ಹರಡಿಕೊಂಡು ಕೂತಿದ್ದರು. ಬಿಸಿಲಲ್ಲಿ ನಿಂತಿದ್ದೀಯಲ್ಲಮ್ಮ ಎಂದು ಕರೆದು ಮಜ್ಜಿಗೆ ಕೊಡಿಸಿದರು. ಕೇಳಿದ್ದಕ್ಕೆಲ್ಲ ಉತ್ತರ, ಕೇಳದೇ ಇದ್ದದ್ದಕ್ಕೂ ಉತ್ತರ. ಮನೆಯಲ್ಲಿ ನಾಲ್ವರು ಓದು ಬಲ್ಲವರು. ಬರೆದುಕೊಂಡೆ. 73ರ ಮೂರನ್ನು ಪೆನ್ನಿನಲ್ಲೇ ನಾಲ್ಕು ಮಾಡಿದೆ. ಒಂದು ಮನೆ ತಾನೇ.

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಹತ್ತಿರ ಪಟ್ಟಿಯ ಇನ್ನೊಂದು ಪ್ರತಿ ಇತ್ತು.

ಅವರು ಬೈಯಲಿಲ್ಲ. ‘ಹಗಲು ಬೀಗ ಹಾಕಿರೋ ಮನೆ ಎಂಥದಮ್ಮ? ರಾಗಿ ಕೊಯ್ಲಿನ ಕಾಲ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದ ಮನೆ. ಹಗಲು ಬಾಗಿಲು ತೆಗೆದಿರೋದು ಪಿಂಚಣಿ ಬರೋ ಮನೆ. ಬೀಗ ಕಂಡ ಕಡೆಯೆಲ್ಲ ಪಕ್ಕಕ್ಕೆ ಸರಿದ್ರೆ ಊರಲ್ಲಿ ಕೂಲಿಯವರೇ ಇಲ್ಲದಂಗಾಗುತ್ತೆ. ನಿನ್ನ 20ರಲ್ಲಿ ಒಂದು ಮನೆ ಅಂದ್ರೆ ಊರಿನ ಎಂಟು ಮನೆ. ನೀನು ಸೇರಿಸಿದ್ದು ನಾಲ್ಕು ಜನರನ್ನಲ್ಲ, ಮೂವತ್ತೆರಡು ಜನ ಅಕ್ಷರಸ್ಥರನ್ನ.’

ಸಂಜೆ ಬಸ್ಸಿಗೆ ನನ್ನನ್ನೂ ಗೆಳತಿಯನ್ನೂ ಕರೆದುಕೊಂಡು ಮತ್ತೆ ಹೊರಟರು. ದೀಪ ಹಚ್ಚುವ ಹೊತ್ತಿಗೆ 73ರ ಬೀಗ ತೆಗೆದಿತ್ತು. ಮೈಯೆಲ್ಲ ರಾಗಿ ಸುಂಕು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಆ ಹೆಂಗಸು ನಮ್ಮನ್ನು ನೋಡಿ ಗಾಬರಿಯಾದಳು. ಸಂಗತಿ ತಿಳಿದ ಮೇಲೆ ಅವಳಿಗೆ ನಗು. ‘ಇಷ್ಟಕ್ಕೆ ಕತ್ಲಲ್ಲಿ ಬಂದ್ರಾ? ಪಕ್ಕದ್ಮನೆ ಮೇಷ್ಟ್ರನ್ನ ಕೇಳಿದ್ರೆ ಆಗ್ತಿತ್ತಲ್ಲವ್ವ, ಅವ್ರಿಗೆ ನಮ್ದೆಲ್ಲ ಗೊತ್ತು.’ ನಾಲ್ಕು ಜನರ ಮನೆ, ಓದು ಬಲ್ಲವರು ಸೊನ್ನೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮೆರಿಕದ ಕತೆ ಹೇಳಿದರು. 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿ ಜನಕ್ಕೆ ಕಾಗದ ಬರೆಯಿತು, ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾನೆ ಎಂದು ಅಚ್ಚು ಹಾಕಿಸಿದರು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ. ವಿಳಾಸಗಳು ಟೆಲಿಫೋನು, ಕಾರು ಇದ್ದವರವು. ಅವರಲ್ಲೂ ಉತ್ತರ ಬರೆದವರದ್ದಷ್ಟೇ ಲೆಕ್ಕಕ್ಕೆ ಬಂತು. ಸಂಖ್ಯೆ ದೊಡ್ಡದಿದ್ದರೆ ಸಾಕು ಅನ್ನುವವರಿಗೆ ನಾನು ಇವತ್ತಿಗೂ ಹೇಳುವುದು ಇದೇ ಕತೆ. ಸರಿಯಾಗಿ ಆರಿಸಿದ 1,067 ಜನ ಸಾಕು, ನೂರಕ್ಕೆ ಮೂರರಷ್ಟು ಹಿಂದುಮುಂದಾಗಿ ಉತ್ತರ ಸಿಗುತ್ತದೆ. ತಾಲ್ಲೂಕಿಗೂ ಅಷ್ಟೇ, ದೇಶಕ್ಕೂ ಹೆಚ್ಚುಕಮ್ಮಿ ಅಷ್ಟೇ. ‘ಮನೆ ಪಾತ್ರೆಗೂ ಮದುವೆ ಮನೆ ಕೊಪ್ಪರಿಗೆಗೂ ರುಚಿ ನೋಡೋ ಸೌಟು ಒಂದೇ’ ಎನ್ನುತ್ತಿದ್ದರು ಮೇಷ್ಟ್ರು. ಆದರೆ ಆ ಮೂರನ್ನು ಒಂದೂವರೆಗೆ ಇಳಿಸಬೇಕಾದರೆ ಜನ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು. ಆ ರಾತ್ರಿ ಮನೆಯಲ್ಲಿ ನನಗೆ ಬಿದ್ದ ಬೈಗುಳಕ್ಕೆ ಮಾತ್ರ ಯಾವ ಸೂತ್ರವೂ ಇರಲಿಲ್ಲ.

ಮೇಷ್ಟ್ರಿಗೆ ಇಬ್ಬರ ಮೇಲೆ ಅಭಿಮಾನ. ಒಬ್ಬರು ಸಿ.ಆರ್. ರಾವ್. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ, ಒಂದು ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ 1945ರಲ್ಲೇ ಗಡಿ ಹಾಕಿ ತೋರಿಸಿದವರು. 2023ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ, ನೂರೆರಡರ ಆ ಮುಖವನ್ನು ಪೇಪರಿನಲ್ಲಿ ನೋಡಿ ನನಗೆ ನಮ್ಮ ಕ್ಲಾಸಿನ ಕಿಟಕಿ ನೆನಪಾಯಿತು. ಇನ್ನೊಬ್ಬರು ಕಲ್ಕತ್ತೆಯ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್. ಅವರ ಹುಟ್ಟಿದ ದಿನ ಜೂನ್ 29 ಈಗ ನಮ್ಮ ಇಲಾಖೆಯಲ್ಲಿ ಭಾಷಣ, ಬಾದುಷಾದ ದಿನ.

ಇಲಾಖೆ ಎಂದೆನಲ್ಲ, 1988ರಲ್ಲಿ ನಾನು ಸೇರಿದ್ದು ಅಂಕಿಅಂಶದ ಕೆಲಸಕ್ಕೇ. ಬಹುಪಾಲು ಸರ್ವಿಸ್ ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಹೊಲದ ಒಂದು ತುಂಡು ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವುದರಲ್ಲಿ ಕಳೆಯಿತು. ಹಳ್ಳಿ, ಸರ್ವೆ ನಂಬರು, ಹೊಲ ಎಲ್ಲ ಲಾಟರಿಯಲ್ಲಿ ಬರುತ್ತವೆ. ಹೊಲದೊಳಗೆ ಕೊಯ್ಯುವ ಜಾಗವೂ ಹಾಗೇ. ನೈಋತ್ಯ ಮೂಲೆಯಲ್ಲಿ ನಿಲ್ಲಬೇಕು. (‘ಏನ್ ಮೇಡಂ, ವಾಸ್ತುವಾ?’ ಎಂದು ಕೇಳದ ರೈತರಿಲ್ಲ.) ಹೊಲ 48 ಮೀಟರ್ ಉದ್ದ, 31 ಅಗಲ ಎಂದುಕೊಳ್ಳಿ. ಐದೈದು ಕಳೆದು 43ರೊಳಗೆ ಒಂದು, 26ರೊಳಗೆ ಒಂದು ಸಂಖ್ಯೆ ತೆಗೆದು, ಅಷ್ಟು ದೂರ ಉದ್ದಕ್ಕೂ ಅಗಲಕ್ಕೂ ನಡೆದು ಗೂಟ ಹೊಡೆಯಬೇಕು. ಅಲ್ಲಿಂದ 5 ಮೀಟರಿಗೆ 5 ಮೀಟರ್ ಹಗ್ಗ ಕಟ್ಟಿ, ಒಳಗಿನದನ್ನೆಲ್ಲ ಕೊಯ್ದು, ಬಡಿದು, ತೂರಿ, ತೂಗಬೇಕು. ಆ ಚೌಕದ ಒಂದು ಕಿಲೋ ಅಂದರೆ ಹೆಕ್ಟೇರಿಗೆ 400 ಕಿಲೋ. ಹಗ್ಗದ ಮೇಲೆ ಬಿದ್ದ ಒಂದು ಹಿಡಿ ಪೈರನ್ನು ಒಳಗೆ ಎಳೆದುಕೊಂಡರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ.

ಇದೇ ಹಗ್ಗದ ಮೇಲೆ ನಮ್ಮ ದೇಶದಲ್ಲಿ ದೊಡ್ಡ ಜಗಳವೇ ಆಗಿದೆ. ಮೂವತ್ತರ ದಶಕದಲ್ಲಿ ಬಂಗಾಳದ ಸೆಣಬಿನ ಹೊಲಗಳಿಂದ ಮಾದರಿ ಸಮೀಕ್ಷೆ ಶುರುಮಾಡಿದ ಮಹಾಲನೋಬಿಸ್, ಕೆಲವೇ ಅಡಿಯ ಪುಟ್ಟ ವೃತ್ತಗಳನ್ನು ಕೊಯ್ಯಿಸುತ್ತಿದ್ದರು. ಚಿಕ್ಕದಾದರೆ ಬೇಗ ಮುಗಿಯುತ್ತದೆ, ಹೆಚ್ಚು ಹೊಲ ಸುತ್ತಬಹುದು. ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಅಂಚೇ ಜಾಸ್ತಿ. ಅಂಚಿನ ಗಿಡವನ್ನು ಕೈ ತಾನಾಗೇ ಒಳಗೆ ಸೇರಿಸುತ್ತದೆ, ಇಳುವರಿ ಸುಳ್ಳೇ ಏರುತ್ತದೆ ಎಂದರು. ನನ್ನ ಅನುಭವದಲ್ಲಿ ಸುಖಾತ್ಮೆಯವರೇ ಸರಿ. ಬುಡ ಹಗ್ಗದ ಒಳಗಿದ್ದರೆ ಮಾತ್ರ ಒಳಗೆ ಎಂದು ಎಷ್ಟು ಸಲ ಹೇಳಿದರೂ ಕುಡುಗೋಲು ಒಂದು ಬುಡ ಆಚೆಗೆ ಹೋಗಿಯೇ ಬರುತ್ತಿತ್ತು. ಹಾಗಂತ ವೃತ್ತದವರನ್ನು ಹೀಗಳೆಯಲಾರೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆ ಇದ್ದದ್ದು ಅವರೇ.

ಮೊದಮೊದಲು ರೈತರು ನನ್ನನ್ನು ಚೆನ್ನಾಗಿ ಬೆಳೆದ ಮೂಲೆಗೇ ಕರೆದೊಯ್ಯಲು ನೋಡುತ್ತಿದ್ದರು, ಅದು ಮರ್ಯಾದೆಯ ಪ್ರಶ್ನೆ. ಬೆಳೆ ವಿಮೆ ಬಂದ ಮೇಲೆ ದಿಕ್ಕು ಬದಲಾಯಿತು. 2016ರ ವಿಮಾ ಯೋಜನೆಯಲ್ಲಿ ಒಂದು ಬೆಳೆಗೆ ಪಂಚಾಯಿತಿಗೆ ನಾಲ್ಕೇ ಪ್ರಯೋಗ, ಅವುಗಳ ಸರಾಸರಿಯ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿರುವಾಗ ‘ಇಲ್ಲಿ ಕುಯ್ಯಿ ಅಕ್ಕಾ’ ಎಂದು ತೋರಿಸುವುದು ಒಣಗಿದ ಮೂಲೆಯನ್ನೇ. ತಪ್ಪೆನ್ನಲು ನನ್ನ ಬಾಯಿ ಬರುವುದಿಲ್ಲ. ಹೊಲಕ್ಕೇ ಇಳಿಯದೆ ಮರದ ನೆರಳಲ್ಲಿ ಕೂತು ಫಾರಂ ತುಂಬಿದವರನ್ನೂ ಕಂಡಿದ್ದೇನೆ. ಅವರ ಅಂಕಿಗಳು ಗುರುತು ಸಿಗುತ್ತಿದ್ದವು, ತೀರಾ ಚೆನ್ನಾಗಿರುತ್ತಿದ್ದವು. ನಿಜವಾದ ಹೊಲದಲ್ಲಿ ಟೇಬಲ್ಲು ಒಮ್ಮೊಮ್ಮೆ ಹುತ್ತದ ಪಕ್ಕಕ್ಕೆ, ಒಮ್ಮೊಮ್ಮೆ ಹಂದಿ ನುಗ್ಗಿದ ಜಾಗಕ್ಕೆ ಕರೆದೊಯ್ಯುತ್ತದೆ. ಅಲ್ಲೇ ಕೊಯ್ಯಬೇಕು.

ಹೋದ ವರ್ಷ ನಿವೃತ್ತಳಾದೆ. ಈ ಸಂಚಿಕೆಗೆ ಬರೆಯಿರಿ ಎಂದು ಫೋನು ಬಂದಾಗ, ಬರೆಯುವ ಮೊದಲು ಒಮ್ಮೆ ಕಾಲೇಜಿಗೆ ಹೋಗಿಬಂದೆ. ಎಂ.ಇ.ಎಸ್. ಕೇಳಿಕೊಂಡು ಬರುವವರು ಈಗ ಅಪರೂಪವಂತೆ. ಮೇಷ್ಟ್ರು ಹೋಗಿ ಹನ್ನೆರಡು ವರ್ಷವಾಯಿತು. ಲೈಬ್ರರಿಯಲ್ಲಿ ನೀಲಿ ರಟ್ಟಿನ ಪುಸ್ತಕ ಇತ್ತು, ಧೂಳು ಕೊಡವಿ ಕೊಟ್ಟರು. ರ‍್ಯಾಂಡಮ್ ಅಂಕಿಗಳ ಪುಟ ತೆಗೆದೆ. ವರ್ಷವರ್ಷವೂ ಕಣ್ಣು ಮುಚ್ಚಿ ಊರಿದ ಪೆನ್ಸಿಲ್ಲುಗಳ ಚುಕ್ಕೆ ಹಾಗೇ ಉಳಿದಿದ್ದವು. ಅಷ್ಟೂ ಚುಕ್ಕೆ ಪುಟದ ನಡುಮಧ್ಯೆ, ಒಂದು ಅಂಗೈ ಅಗಲದಲ್ಲಿ ಗುಂಪುಗೂಡಿದ್ದವು. ಅಲ್ಲಿನ ಅಂಕಿಗಳು ಮಸಿಯಾಗಿ ಓದಲೂ ಬರುತ್ತಿರಲಿಲ್ಲ. ನಾಲ್ಕು ಮೂಲೆಗಳಲ್ಲಿ ಕಾಗದ ಹೊಸದರ ಹಾಗೆ ಬೆಳ್ಳಗಿತ್ತು. ನನ್ನ ಚುಕ್ಕೆ ಯಾವುದಿರಬಹುದು ಎಂದು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹುಡುಕಿದೆ.